ಕೂಲರ್ ಮುಟ್ಟಿದರೆ ‘ಜುಂ’ ಎನ್ನುತ್ತದೆಯೇ?

ಕಣ್ಣು ಕುಕ್ಕುವಂತೆ ಹೆಡ್‌ಲೈಟ್ ಹಾಕಿಕೊಂಡು ಎದುರು ಬರುವವರು, ದಾರಿಗೆ ಅಡ್ಡವಾಗಿ ಗಾಡಿ ನಿಲ್ಲಿಸುವವರು – ದಿನನಿತ್ಯದ ಇಂಥ ಕಿರಿಕಿರಿಗಳನ್ನು ಗೊಣಗುತ್ತಲೇ ಸಹಿಸಿಕೊಳ್ಳುತ್ತೇವೆ. ಮನೆಯೊಳಗಿನ ಅರೆಬರೆ ವೈರಿಂಗ್ ರಿಪೇರಿಯನ್ನು ಮಾತ್ರ ಹಾಗೆ ಸಹಿಸಬಾರದು.

ಶಹಾಪುರ ತಾಲ್ಲೂಕಿನ ಶಿರವಾಳದ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಸೆಖೆ ತಾಳಲಾರದೆ ತಗಡಿನ ಕೂಲರ್ ಹಾಕುತ್ತೇವೆ. ಅದರಲ್ಲಿ ನೀರು, ಲೋಹ, 230 ವೋಲ್ಟ್ ವಿದ್ಯುತ್ ಮೂರೂ ಒಟ್ಟಿಗಿರುತ್ತವೆ. ರಿಪೇರಿ ಮಾಡುವವರು ಮೂರು ಪಿನ್ನಿನ ಪ್ಲಗ್ ಕಿತ್ತು ಎರಡೇ ವೈರಿನಲ್ಲಿ ಕೆಲಸ ಮುಗಿಸಿದರೆ ಅರ್ಥಿಂಗ್ ತಪ್ಪಿಹೋಗುತ್ತದೆ. ಆಗ ಸೋರುವ ವಿದ್ಯುತ್ತಿಗೆ ಮುಟ್ಟಿದವರ ಮೈಯೇ ದಾರಿ. ಒದ್ದೆ ಚರ್ಮದ ಮೂಲಕ ಅದು ಸಲೀಸಾಗಿ ಹರಿದು, ಸ್ನಾಯುಗಳನ್ನು ಬಿಗಿದು, ಹೃದಯದ ಬಡಿತವನ್ನೇ ಕೆಡಿಸಬಲ್ಲದು.

ಆದ್ದರಿಂದ ಸಣ್ಣ ‘ಜುಂ’ ಕೂಡ ಎಚ್ಚರಿಕೆಯೇ. ಪ್ಲಗ್ ತೆಗೆದ ಮೇಲಷ್ಟೇ ಕೂಲರಿಗೆ ನೀರು ತುಂಬಿರಿ. ರಿಪೇರಿಯಾದ ಮೇಲೆ ಅರ್ಥಿಂಗ್ ಪರೀಕ್ಷಿಸಿ ತೋರಿಸಲು ಹೇಳಿ. ಮೇನ್ ಬೋರ್ಡಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದರೆ, ಸೋರಿಕೆಯಾದೊಡನೆ ಕರೆಂಟ್ ತಾನಾಗಿ ನಿಲ್ಲುತ್ತದೆ.

ಯಾರಿಗಾದರೂ ಶಾಕ್ ಹೊಡೆದರೆ ಬರಿಗೈಯಿಂದ ಎಳೆಯಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ. ಆಗದಿದ್ದರೆ ಒಣ ನೆಲದ ಮೇಲೆ ನಿಂತು ಒಣ ಕಟ್ಟಿಗೆಯಿಂದ ಬಿಡಿಸಿ. 108ಕ್ಕೆ ಕರೆ ಮಾಡಿ. ಉಸಿರು ನಿಂತಿದ್ದರೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಿ. ತಾವಾಗಿ ಎದ್ದು ಕುಳಿತವರನ್ನೂ ವೈದ್ಯರಿಗೆ ತೋರಿಸಿ; ಬಡಿತದ ಏರುಪೇರು ಹೊರಗಿನಿಂದ ಕಾಣುವುದಿಲ್ಲ.