ಸುಣ್ಣದ ಸಂದೇಶ

ಸವಣೂರೆಂದೊಡನೆ ವೀಳ್ಯದೆಲೆ ನೆನಪಾಗದವರು ವಿರಳ. ನನಗೆ ಎಲೆಯೊಡನೆ ನೆನಪಾಗುವವರು ಆ ಊರಿಗೆ ಸೊಸೆಯಾಗಿ ಹೋದ ನನ್ನ ಸೋದರತ್ತೆ. ಎಲೆಯ ಬೆನ್ನಿಗೆ ಅವರು ಸುಣ್ಣ ಸವರುತ್ತಿದ್ದ ಹದ ಇನ್ನಾರಿಗೂ ಬಾರದು. ಆದರೆ ಯಾರ ಮನೆಯಲ್ಲಿ ಕುಬಸವಾದರೂ ಅವರು ಒಳಕೋಣೆಯಲ್ಲಿ ಕುಳಿತು ಎಲೆ ಮಡಿಸಿ ಕೊಡುತ್ತಿದ್ದರು. ಉಡಿ ತುಂಬಲು ಹೊರಗೆ ಬರುವಂತಿರಲಿಲ್ಲ. ಮಕ್ಕಳಿಲ್ಲದವರೆಂಬುದೊಂದೇ ಕಾರಣ.

ಆ ಸುಣ್ಣದಲ್ಲಿರುವ ಕ್ಯಾಲ್ಸಿಯಮ್ಮೇ ಪ್ರತಿಯೊಂದು ಶಿಶುವಿನ ಮೊದಲ ಕ್ಷಣದ ದೂತನೆಂಬುದನ್ನು ನಾನು ಅರಿತದ್ದು ಬಹಳ ತಡವಾಗಿ.

ಪಕ್ವವಾದ ಅಂಡಾಣುವಿನ ಕೋಶವಿಭಜನೆ ನಡುದಾರಿಯಲ್ಲಿ ನಿಂತಿರುತ್ತದೆ. ಅದೊಂದು ಬಗೆಯ ನಿದ್ರೆ. ಕ್ಯಾಲ್ಸಿಯಂ ಅದರೊಳಗಿನ ಉಗ್ರಾಣಗಳಲ್ಲಿಯೇ ಬೀಗಮುದ್ರೆಯಲ್ಲಿರುತ್ತದೆ. 1977–78ರಲ್ಲಿ ಲಯನೆಲ್ ಜಾಫ್ ಮತ್ತು ಸಂಗಡಿಗರು, ಕ್ಯಾಲ್ಸಿಯಂ ಸೋಕಿದೊಡನೆ ಬೆಳಗುವ ಅಂಬಲಿಮೀನಿನ ಪ್ರೋಟೀನೊಂದನ್ನು ಜಪಾನಿನ ಮೆಡಾಕಾ ಎಂಬ ಕಿರುಮೀನಿನ ತತ್ತಿಯೊಳಗೆ ಸೇರಿಸಿ ಕಾದರು. ವೀರ್ಯಾಣು ಹೊಕ್ಕ ಬದಿಯಿಂದ ಬೆಳಕಿನ ಅಲೆಯೊಂದು ಎದ್ದು, ಕೆಲವೇ ನಿಮಿಷಗಳಲ್ಲಿ ಎದುರು ತುದಿಯನ್ನು ಮುಟ್ಟಿತು.

ಸಸ್ತನಿಗಳಲ್ಲಿ ಈ ಅಲೆ ಗಂಟೆಗಟ್ಟಲೆ ಮತ್ತೆ ಮತ್ತೆ ಏಳುತ್ತದೆ. ಎಚ್ಚೆತ್ತ ಅಂಡವು ನಿಂತ ವಿಭಜನೆಯನ್ನು ಮುಗಿಸುತ್ತದೆ. ತನ್ನ ಕವಚವನ್ನು ಬಿರುಸಾಗಿಸಿ ಉಳಿದ ವೀರ್ಯಾಣುಗಳಿಗೆ ಬಾಗಿಲು ಮುಚ್ಚುತ್ತದೆ. ಈ ಅಲೆಯನ್ನು ಎಬ್ಬಿಸುವುದು ಯಾವುದು? ವೀರ್ಯಾಣುವೇ ಹೊತ್ತು ತರುವ ಪಿಎಲ್‌ಸಿ-ಜೀಟಾ ಎಂಬ ಕಿಣ್ವವೆಂದು 2002ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನ ವಿಜ್ಞಾನಿಗಳು ತೋರಿಸಿದರು. ಅದು ಅಂಡದೊಳಗಿನ ಕೊಬ್ಬಿನ ಜಾತಿಯ ಅಣುವೊಂದನ್ನು ಸೀಳಿ ಐಪಿ-3 ಎಂಬ ಕಿರುಅಣುವನ್ನು ಬಿಡಿಸುತ್ತದೆ. ಉಗ್ರಾಣದ ಬೀಗದಕೈ ಅದೇ.

ಕೆಲವು ಪುರುಷರಲ್ಲಿ ಈ ಕಿಣ್ವವೇ ದೋಷಯುಕ್ತವಾಗಿರುವುದು 2009ರಲ್ಲಿ ವರದಿಯಾಯಿತು. ಅಂಥವರ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಇಟ್ಟರೂ ಅಂಡ ಏಳದು. ಅಂಡದಲ್ಲಿ ಕೊರತೆಯಿಲ್ಲ, ಅದಕ್ಕೆ ಕರೆಯೇ ಬಂದಿಲ್ಲ. ಕ್ಯಾಲ್ಸಿಯಂ ಏರಿಸುವ ದ್ರವ್ಯದಿಂದ ಪ್ರಯೋಗಶಾಲೆಯಲ್ಲಿ ಅಂಡವನ್ನು ಎಬ್ಬಿಸಿದಾಗ, ಇಂಥ ಕೆಲವು ದಂಪತಿಗಳಿಗೆ ಮಕ್ಕಳಾದದ್ದುಂಟು.

ಅತ್ತೆಯ ವಿಷಯದಲ್ಲಿ ಕಾರಣ ಏನಿತ್ತೆಂದು ಈಗ ಹೇಳುವಂತಿಲ್ಲ. ಮಾವನವರನ್ನೂ ಪರೀಕ್ಷಿಸಬೇಕೆಂದು ಅಂದು ಯಾರಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ. ಬಂಜೆಯೆಂಬ ತೀರ್ಪನ್ನು ನಾವು ವಿಚಾರಣೆಯಿಲ್ಲದೆ ಕೊಟ್ಟುಬಿಟ್ಟಿದ್ದೆವು.

ಅವರು ತೀರಿಕೊಂಡ ಮೇಲೆ ಅವರ ಸುಣ್ಣದ ಡಬ್ಬಿ ನನ್ನ ಪಾಲಿಗೆ ಬಂದಿತು. ಮೊನ್ನೆ ನನ್ನ ಮಗಳ ಕುಬಸದಲ್ಲಿ, ಮಕ್ಕಳಿಲ್ಲದ ನೆರೆಮನೆಯಾಕೆಯನ್ನು ಕರೆದು ಮೊದಲ ಉಡಿ ತುಂಬಿಸಿದೆವು. ಆಕೆಗೆ ಕೊಟ್ಟ ಎಲೆಗೆ ಸುಣ್ಣ ಸವರಿದ್ದು ಆ ಡಬ್ಬಿಯಿಂದಲೇ.