ಸದ್ದು ಏರಿತು, ವೇಗ ಎಷ್ಟು ಏರಿತು?

ಸಣ್ಣ ಮೋಟಾರ್ ಸೈಕಲ್ಲುಗಳ ವೇಗ ಹೆಚ್ಚಿಸಿಕೊಡುವ ಕಸುಬೊಂದು ನಮ್ಮ ನಗರಗಳಲ್ಲಿ ಸದ್ದಿಲ್ಲದೆ ಬೆಳೆದಿದೆ ಎಂದು ಬರೆಯಹೊರಟರೆ ಆ ವಾಕ್ಯವೇ ಸುಳ್ಳಾಗುತ್ತದೆ. ಅದು ಬೆಳೆದಿರುವುದು ಸದ್ದು ಮಾಡಿಕೊಂಡೇ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಿಂದ ಹಿಡಿದು ಜಿಲ್ಲಾ ಕೇಂದ್ರಗಳ ಬಸ್ ನಿಲ್ದಾಣದ ಹಿಂದಿನ ಗ್ಯಾರೇಜುಗಳವರೆಗೆ ಬೇರೆ ಸೈಲೆನ್ಸರ್, ಶಂಕುವಿನಾಕಾರದ ಗಾಳಿ ಶೋಧಕ, ದಪ್ಪ ಟೈರು, ಹಲ್ಲಿನ ಸಂಖ್ಯೆ ಬದಲಿಸಿದ ಸ್ಪ್ರಾಕೆಟ್, ದುಬಾರಿ ಲೋಹದ ಸ್ಪಾರ್ಕ್ ಪ್ಲಗ್ ಎಲ್ಲವೂ ದೊರೆಯುತ್ತವೆ. ಎಂಜಿನ್ನನ್ನು ಬಿಚ್ಚಬೇಕಾಗಿಲ್ಲ. ನಾಲ್ಕು ಬೋಲ್ಟು ಸಡಿಲಿಸಿ, ಹಳೆಯದನ್ನು ತೆಗೆದು, ಹೊಸದನ್ನು ಕೂರಿಸಿದರೆ ಮುಗಿಯಿತು. ಅರ್ಧ ಗಂಟೆಯ ಕೆಲಸ. ಹೀಗೆ ಮಾಡಿಸಿಕೊಂಡು ಬಂದ ತರುಣ 'ಈಗ ಗಾಡಿ ನೂರು ದಾಟುತ್ತದೆ' ಎನ್ನುತ್ತಾನೆ. ದಾಟುತ್ತದೆಯೆ? ಈ ಪ್ರಶ್ನೆಗೆ ಅಭಿಪ್ರಾಯಗಳ ಅಗತ್ಯವಿಲ್ಲ. ಕೂಡುವ, ಗುಣಿಸುವ ಲೆಕ್ಕವೇ ಸಾಕು.

ಸಮತಟ್ಟಾದ ರಸ್ತೆಯಲ್ಲಿ ಮೋಟಾರ್ ಸೈಕಲ್ಲಿನ ಗರಿಷ್ಠ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ಎರಡೇ ಸಂಗತಿ: ಎಂಜಿನ್ನಿನ ಶಕ್ತಿ ಮತ್ತು ಎದುರಿನ ಗಾಳಿ. ಗಾಳಿ ಒಡ್ಡುವ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆ ಪ್ರತಿರೋಧವನ್ನು ಸೀಳಿಕೊಂಡು ಹೋಗಲು ಬೇಕಾಗುವ ಶಕ್ತಿಯಾದರೋ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಎಂದರೆ ವೇಗ ಇಮ್ಮಡಿಯಾಗಬೇಕಾದರೆ ಶಕ್ತಿ ಎಂಟು ಮಡಿಯಾಗಬೇಕು. ಅರ್ಥಶಾಸ್ತ್ರ ಓದಿದವರಿಗೆ ಇಳಿಮುಖ ಪ್ರತಿಫಲದ ನಿಯಮ ಪರಿಚಿತ. ಹೆಚ್ಚು ಗೊಬ್ಬರ ಸುರಿದಷ್ಟೂ ಹೆಚ್ಚುವರಿ ಇಳುವರಿ ಕುಗ್ಗುತ್ತ ಹೋಗುತ್ತದೆ ಎಂದು ನಾವು ತರಗತಿಯಲ್ಲಿ ಕಲಿತೆವು. ಆದರೆ ಗಾಳಿಯಷ್ಟು ನಿಷ್ಕರುಣೆಯಿಂದ ಆ ನಿಯಮವನ್ನು ಪಾಲಿಸುವ ಹೊಲ ಯಾವುದೂ ಇರಲಾರದು.

ದೇಶದಲ್ಲಿ ಅತಿ ಹೆಚ್ಚು ಪರಿಚಿತವಾದ ಸಣ್ಣ ಬೈಕು ಸ್ಪ್ಲೆಂಡರ್‌ನ್ನೇ ತೆಗೆದುಕೊಳ್ಳೋಣ. 1994ರಲ್ಲಿ ಹೀರೊ ಹೊಂಡಾ ಸಂಸ್ಥೆಯಿಂದ ಹೊರಬಂದ ಈ ವಾಹನದ ಎಂಜಿನ್ 97.2 ಸಿ.ಸಿ.ಯದು. ಈಚಿನ ಇಂಧನ ಚುಚ್ಚು ವ್ಯವಸ್ಥೆಯ ಮಾದರಿಯಲ್ಲಿ ಅದರ ಶಕ್ತಿ ಸುಮಾರು 8 ಅಶ್ವಶಕ್ತಿ. ಒಬ್ಬನೇ ಸವಾರ ನೆಟ್ಟಗೆ ಕುಳಿತು ಓಡಿಸಿದರೆ ಗಂಟೆಗೆ 90 ಕಿ.ಮೀ. ಆಸುಪಾಸಿನಲ್ಲಿ ಅದರ ಉಸಿರು ಕಟ್ಟುತ್ತದೆ. ಈಗ ಅಂಗಡಿಯಾತ ಮಾರಿದ ಸೈಲೆನ್ಸರು ಮತ್ತು ಗಾಳಿ ಶೋಧಕ ಸೇರಿ ಶೇ 10ರಷ್ಟು ಶಕ್ತಿ ಹೆಚ್ಚಿಸಿದವು ಎಂದೇ ಇಟ್ಟುಕೊಳ್ಳೋಣ. ಇದು ಧಾರಾಳವಾದ ಊಹೆ. 1.1ರ ಘನಮೂಲ ಸುಮಾರು 1.03. ಎಂದರೆ 90 ಹೋಗಿ 93 ಆಗುತ್ತದೆ. ಎರಡೂ ಸಾಮಾನಿಗೆ 9 ಸಾವಿರ ರೂಪಾಯಿ ತೆತ್ತಿದ್ದರೆ ಕಿಲೋಮೀಟರಿಗೆ 3 ಸಾವಿರ ಬಿತ್ತು. ಹತ್ತು ಕಿಲೋಮೀಟರು ದೂರವನ್ನು ಅದೇ ಗರಿಷ್ಠ ವೇಗದಲ್ಲಿ ಕ್ರಮಿಸಿದರೂ ಉಳಿಯುವುದು 13 ಸೆಕೆಂಡು. ಹಾಗೆ ಹತ್ತು ಕಿಲೋಮೀಟರು ಎಡೆಬಿಡದೆ ಓಡಿಸಲು ಬೆಂಗಳೂರಿನಲ್ಲಿ ರಸ್ತೆ ಎಲ್ಲಿದೆ ಎಂಬುದು ಬೇರೆಯೇ ಮಾತು. ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥಗಳಲ್ಲಂತೂ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲ.

ಇದೇ ಬೈಕು 100 ಮುಟ್ಟಬೇಕಾದರೆ ಶಕ್ತಿ ಶೇ 37ರಷ್ಟು ಹೆಚ್ಚಬೇಕು. ಎಂದರೆ 8ರ ಜಾಗದಲ್ಲಿ 11 ಅಶ್ವಶಕ್ತಿ ಬೇಕು. ಈ ಸಂಖ್ಯೆಯನ್ನು ಕಂಡೊಡನೆ ನಮ್ಮ ತಲೆಮಾರಿನವರಿಗೆ ಒಂದು ಹೆಸರು ನೆನಪಾಗದೆ ಇರದು. 1985ರಲ್ಲಿ ಬಂದು 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100ರ 98 ಸಿ.ಸಿ. ಎಂಜಿನ್ನಿಗೆ ಇದ್ದದ್ದು ಸರಿಯಾಗಿ 11 ಅಶ್ವಶಕ್ತಿ. ಅದು ಓಡುತ್ತಿದ್ದುದು ಹೆಚ್ಚುಕಡಿಮೆ ನೂರರಲ್ಲಿ. 2012ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಕೆಟಿಎಂ 200 ಡ್ಯೂಕ್ ಬೈಕಿನ ಶಕ್ತಿ 25 ಅಶ್ವಶಕ್ತಿ, ಸ್ಪ್ಲೆಂಡರ್‌ನ ಮೂರು ಪಟ್ಟಿಗೂ ಅಧಿಕ. ಅದರ ವೇಗವೂ ಮೂರು ಪಟ್ಟಾಗಲಿಲ್ಲ. ಘನಮೂಲದ ಲೆಕ್ಕ ಹೇಳುವುದು 132 ಕಿ.ಮೀ., ರಸ್ತೆಯಲ್ಲಿ ಕಂಡದ್ದು ಸುಮಾರು 135. ಬೇರೆ ಬೇರೆ ಕಾರ್ಖಾನೆಗಳಲ್ಲಿ, ಬೇರೆ ಬೇರೆ ದಶಕಗಳಲ್ಲಿ ತಯಾರಾದ ಮೂರು ವಾಹನಗಳು ಒಂದೇ ಸೂತ್ರಕ್ಕೆ ಇಷ್ಟು ವಿಧೇಯವಾಗಿರುವಾಗ ಸೈಲೆನ್ಸರ್ ಬದಲಿಸಿದ ನಾಲ್ಕನೆಯದು ಮಾತ್ರ ಅದನ್ನು ಮೀರುತ್ತದೆ ಎಂದು ನಂಬುವುದು ಕಷ್ಟ.

ಹಾಗಾದರೆ ಈ ನಂಬಿಕೆ ಹುಟ್ಟಿದ್ದು ಎಲ್ಲಿಂದ? ಇದಕ್ಕೊಂದು ಗೌರವಾನ್ವಿತ ಮೂಲವಿದೆ. ಟು ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆಕೊಳವೆ ಕೇವಲ ಹೊಗೆ ಬಿಡುವ ದಾರಿಯಲ್ಲ, ಅದು ಎಂಜಿನ್ನಿನ ಒಂದು ಅಂಗ. ಕೊಳವೆಯ ಉಬ್ಬು ತಗ್ಗುಗಳಿಗೆ ಬಡಿದು ಹಿಂದಿರುಗುವ ಒತ್ತಡದ ಅಲೆ, ಸುಡದೆ ಹೊರಗೆ ನುಸುಳಿದ ಹೊಸ ಇಂಧನ ಮಿಶ್ರಣವನ್ನು ಮತ್ತೆ ಸಿಲಿಂಡರಿನೊಳಕ್ಕೆ ತಳ್ಳುತ್ತದೆ. ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡನ್ ಎಂಬ ಎಂಜಿನಿಯರ್ 1950ರ ದಶಕದಲ್ಲಿ ಈ ವಿದ್ಯೆಯನ್ನು ಕರಗತ ಮಾಡಿಕೊಂಡರು. 1961ರ ಹೊತ್ತಿಗೆ ಅವರ 125 ಸಿ.ಸಿ. ಎಂಜಿನ್ 25 ಅಶ್ವಶಕ್ತಿ ಹೊರಡಿಸುತ್ತಿತ್ತು. ಅದೇ ವರ್ಷ ಅವರ ಸವಾರ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ನಿನ ಪಂದ್ಯದ ವೇಳೆ ಪಶ್ಚಿಮಕ್ಕೆ ಪಲಾಯನ ಮಾಡಿ ಜಪಾನಿನ ಸುಜುಕಿಯನ್ನು ಸೇರಿದರು. ಮರುವರ್ಷವೇ ಸುಜುಕಿ 50 ಸಿ.ಸಿ. ವಿಶ್ವ ಚಾಂಪಿಯನ್‌ಪಟ್ಟ ಗೆದ್ದಿತು. ಒಂದು ಹೊಗೆಕೊಳವೆಯ ರಹಸ್ಯ ಶೀತಲ ಸಮರದ ಗಡಿ ದಾಟಿದ ಕಥೆ ಇದು. ಆರ್‌ಎಕ್ಸ್ 100 ಆಗಲಿ, 1996ರಲ್ಲಿ ಬಾಗಿಲು ಹಾಕಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ದಿ ಆಗಲಿ ಟು ಸ್ಟ್ರೋಕ್ ವಂಶದವೇ. ಅವುಗಳ ಕೊಳವೆಯನ್ನು ಬಲ್ಲವನು ಬದಲಿಸಿದರೆ ಫಲ ನಿಜವಾಗಿ ಕಾಣುತ್ತಿತ್ತು. ಬಲ್ಲದವನು ಬದಲಿಸಿದರೆ ಇದ್ದ ಶಕ್ತಿಯೂ ಹೋಗುತ್ತಿತ್ತು.

ಕಾಲ ಬದಲಾಯಿತು. ಹೊಗೆ ನಿಯಂತ್ರಣದ ನಿಯಮಗಳು ಬಿಗಿಯಾದಂತೆ ಟು ಸ್ಟ್ರೋಕ್ ಬೈಕುಗಳು ಕಣ್ಮರೆಯಾದವು. ಅವುಗಳ ಜೊತೆ ಹುಟ್ಟಿದ ಗ್ಯಾರೇಜು ಜ್ಞಾನ ಮಾತ್ರ ಉಳಿದುಕೊಂಡಿತು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಒಳಹೊರ ಹರಿವನ್ನು ಕವಾಟಗಳು ನಿಯಂತ್ರಿಸುತ್ತವೆ. ಕೊಳವೆಯ ಪಾತ್ರ ಅಲ್ಲಿ ಎಷ್ಟೋ ಗೌಣ. ಒಳಗಿನ ತಡೆಗಳನ್ನು ಕಿತ್ತುಹಾಕಿದರೆ ಮೇಲಿನ ಸುತ್ತುಗಳಲ್ಲಿ ಅರ್ಧ ಅಶ್ವಶಕ್ತಿ ಹೆಚ್ಚಾದೀತು. ಕೆಳಗಿನ ಸುತ್ತುಗಳಲ್ಲಿ, ಎಂದರೆ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ನಾವು ದಿನವೂ ಬಳಸುವ ಕಡೆ, ಎಳೆತ ಕುಗ್ಗುವುದೂ ಉಂಟು. ಜೊತೆಗೆ ಭಾರತ್ ಸ್ಟೇಜ್ 6 ನಿಯಮಗಳು 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲಿನ ಬೈಕುಗಳಲ್ಲಿ ವಿಷಾನಿಲವನ್ನು ಶುದ್ಧಗೊಳಿಸುವ ಸಾಧನ ಕೊಳವೆಯೊಳಗೇ ಇರುತ್ತದೆ. ಇಡೀ ಕೊಳವೆಯನ್ನು ಬದಲಿಸಿದವನು ಅದನ್ನೂ ಕಿತ್ತೆಸೆದಂತೆ.

ಗಾಳಿ ಶೋಧಕದ ಕಥೆಯೂ ಇಷ್ಟೆ. ಎಂಜಿನ್ ಹೆಚ್ಚು ಗಾಳಿ ಸೇವಿಸುವುದೇನೋ ನಿಜ, ಆದರೆ ಅದಕ್ಕೆ ತಕ್ಕ ಪೆಟ್ರೋಲು ಸೇರದಿದ್ದರೆ ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ. ಕಾರ್ಬ್ಯುರೇಟರ್ ಕಾಲದಲ್ಲಿ 'ಜೆಟ್' ಬದಲಿಸಿ ಸರಿದೂಗಿಸುತ್ತಿದ್ದರು. ಇಂಧನ ಚುಚ್ಚುವ ಗಾಡಿಗಳಲ್ಲಿ ಆ ಲೆಕ್ಕ ಗಣಕದ ಕೈಯಲ್ಲಿದೆ. ನಮ್ಮ ರಸ್ತೆಗಳ ಧೂಳನ್ನು ಬಲ್ಲವರು ಶೋಧಕದ ರಂಧ್ರಗಳನ್ನು ದೊಡ್ಡದು ಮಾಡಲು ಹೊರಡುವುದಿಲ್ಲ. ದಪ್ಪ ಟೈರಿನಿಂದ ವೇಗ ಕುಗ್ಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ದುಬಾರಿ ಪ್ಲಗ್ಗು ಹೆಚ್ಚು ದಿನ ಬಾಳುತ್ತದೆ, ಅಷ್ಟೆ.

ಸ್ಪ್ರಾಕೆಟ್ ಮಾತ್ರ ಸ್ವಲ್ಪ ಸ್ವಾರಸ್ಯದ ವಸ್ತು. ಮುಂದಿನ ಹಲ್ಲುಗಾಲಿಯಲ್ಲಿ 14ರ ಬದಲು 15 ಹಲ್ಲು ಬಂದರೆ ಎಂಜಿನ್ನಿನ ಪ್ರತಿ ಸುತ್ತಿಗೆ ಹಿಂಬದಿ ಚಕ್ರ ಶೇ 7ರಷ್ಟು ಹೆಚ್ಚು ತಿರುಗುತ್ತದೆ. ವೇಗವೂ ಶೇ 7ರಷ್ಟು ಹೆಚ್ಚುತ್ತದೆ ಎಂದು ಮಾರುವವನು ಹೇಳುತ್ತಾನೆ. ಕಾಗದದ ಮೇಲೆ ಸರಿ. ಆದರೆ ಎಂಜಿನ್ 8 ಸಾವಿರ ಸುತ್ತುಗಳಲ್ಲಿ ಪೂರ್ಣ ಶಕ್ತಿ ಕೊಡುತ್ತದೆ, ಮೂಲ ಹಲ್ಲುಗಾಲಿಯಲ್ಲಿ ಅದೇ 8 ಸಾವಿರಕ್ಕೆ 90 ಕಿ.ಮೀ. ಬರುತ್ತದೆ ಎಂದುಕೊಳ್ಳಿ. ಹಲ್ಲು ಬದಲಿಸಿದ ಮೇಲೆ 90ರಲ್ಲಿ ಎಂಜಿನ್ ಸುಮಾರು 7,500 ಸುತ್ತಿನಲ್ಲೇ ಇರುತ್ತದೆ. ಅಲ್ಲಿ ಅದರ ಶಕ್ತಿ ಪೂರ್ಣವಲ್ಲ, ಗಾಳಿ ಕೇಳುವ ತೆರಿಗೆ ಮಾತ್ರ ಪೂರ್ಣವೇ. ಪರಿಣಾಮವಾಗಿ ಗರಿಷ್ಠ ವೇಗ 90ಕ್ಕಿಂತಲೂ ಕೆಳಗಿಳಿಯುತ್ತದೆ. ಘಾಟಿ ಹತ್ತಲು, ಭಾರ ಹೊರಲು ಎಂದು ಕಾರ್ಖಾನೆಯೇ ಗೇರನ್ನು ತಗ್ಗಿಸಿಟ್ಟು, ಎಂಜಿನ್ ಸುತ್ತುಗಳ ಮಿತಿ ಮುಟ್ಟಿ ಒದ್ದಾಡುವ ಬೈಕುಗಳಲ್ಲಿ ಮಾತ್ರ ಈ ಬದಲಾವಣೆ ಫಲ ಕೊಡುತ್ತದೆ. ಕೆಲವು ನೂರು ರೂಪಾಯಿಯ ಈ ಸಾಮಾನು ಸಾವಿರಾರು ರೂಪಾಯಿಯ ಸೈಲೆನ್ಸರಿಗಿಂತ ಹೆಚ್ಚು ಪ್ರಾಮಾಣಿಕವಾದದ್ದು. ಅದು ಸದ್ದು ಮಾಡದಿರುವುದರಿಂದಲೋ ಏನೋ ಅದಕ್ಕೆ ಬೇಡಿಕೆ ಕಡಿಮೆ.

ಗಾಳಿಯೇ ಶತ್ರುವಾಗಿರುವಾಗ ಗಾಳಿಯೊಡನೆಯೇ ವ್ಯವಹರಿಸುವುದು ಜಾಣತನ. ಸಣ್ಣ ಬೈಕಿನ ಮುಂದಿರುವ ಅತಿ ದೊಡ್ಡ ಅಡ್ಡಗೋಡೆ ಸವಾರನೇ. ಆತ ಟ್ಯಾಂಕಿನ ಮೇಲೆ ಬಾಗಿ ಗಾಳಿಯ ಪ್ರತಿರೋಧವನ್ನು ಕಾಲುಭಾಗ ತಗ್ಗಿಸಿದರೆ ಸಾಕು, 90ರ ಗಾಡಿ 99 ಮುಟ್ಟುತ್ತದೆ. ಖರ್ಚು ಸೊನ್ನೆ, ಸೊಂಟ ನೋವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ. ಜರ್ಮನಿಯ ಕ್ರೈಡ್ಲರ್ ಸಂಸ್ಥೆ 1965ರಲ್ಲಿ ಅಮೆರಿಕದ ಬಾನವಿಲ್ ಉಪ್ಪಿನ ಬಯಲಿನಲ್ಲಿ ಬರಿಯ 50 ಸಿ.ಸಿ. ಎಂಜಿನ್ನಿನ ವಾಹನವನ್ನು ಗಂಟೆಗೆ 200 ಕಿ.ಮೀ.ಗೂ ಮೀರಿ ಓಡಿಸಿತು. ಸವಾರನನ್ನು ಮೀನಿನಾಕಾರದ ಕವಚದೊಳಗೆ ಮಲಗಿಸದೆ ಇದು ಸಾಧ್ಯವಿರಲಿಲ್ಲ. ನಮ್ಮಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಶಕ್ತಿ ಹೆಚ್ಚಿಸಲು ಹಣ ಸುರಿದ ಅದೇ ಬೈಕಿನ ಮುಂದೆ ಅಗಲವಾದ ಉಕ್ಕಿನ ಕಾವಲು ಕಂಬಿ, ಎರಡು ಹೆಚ್ಚುವರಿ ದೀಪ, ಹಾರಾಡುವ ಪತಾಕೆ ಜೋಡಿಸಿ ಗಳಿಸಿದ್ದನ್ನೆಲ್ಲ ಗಾಳಿಗೆ ಒಪ್ಪಿಸುತ್ತಾರೆ.

'ನಾನೇ ಮೀಟರಿನಲ್ಲಿ ನೋಡಿದ್ದೇನೆ' ಎನ್ನುವವರಿಗೆ ಒಂದು ಮಾತು. ಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಕೂಡದು ಎಂಬುದು ನಿಯಮ. ಹೀಗಾಗಿ ತಯಾರಕರು ಅದು ಸ್ವಲ್ಪ ಹೆಚ್ಚೇ ತೋರುವಂತೆ ಹೊಂದಿಸಿರುತ್ತಾರೆ. ಬೆನ್ನ ಹಿಂದೆ ಗಂಟೆಗೆ 10 ಕಿ.ಮೀ.ಯಷ್ಟು ಮಂದವಾದ ಗಾಳಿ ಬೀಸುತ್ತಿದ್ದರೂ ನಮ್ಮ 90ರ ಬೈಕು 97ರ ಹತ್ತಿರ ಹೋಗುತ್ತದೆ. ಅದೇ ಗಾಳಿಗೆ ಎದುರಾಗಿ ಹೊರಟರೆ 84ಕ್ಕೆ ಇಳಿಯುತ್ತದೆ. ನಡುವಿನ 13 ಕಿ.ಮೀ. ಅಂತರವನ್ನು ಯಾವ ಸೈಲೆನ್ಸರೂ ಕೊಡಲಾರದು. ಆದ್ದರಿಂದಲೇ ದಾಖಲೆಯ ಓಟಗಳಲ್ಲಿ ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆಯುತ್ತಾರೆ. ಈಗ ಪ್ರತಿಯೊಬ್ಬರ ಕಿಸೆಯ ಮೊಬೈಲಿನಲ್ಲೂ ಉಪಗ್ರಹದ ಮೂಲಕ ವೇಗ ಅಳೆಯುವ ಸೌಲಭ್ಯವಿದೆ. ಮುಚ್ಚಿದ ಪಥದಲ್ಲಿ, ಒಂದೇ ಭಂಗಿಯಲ್ಲಿ, ಬದಲಾವಣೆಗೆ ಮೊದಲೊಮ್ಮೆ ಮತ್ತು ನಂತರವೊಮ್ಮೆ ಅಳೆದು ನೋಡುವವರು ಎಷ್ಟು ಮಂದಿ?

ಅಳೆಯದಿರುವುದಕ್ಕೆ ಕಾರಣವೂ ಊಹಿಸಬಹುದಾದದ್ದೇ. ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ನಿದರ್ಶನವಾಗಿಟ್ಟು, ಮಾರುವವನಿಗೆ ಗೊತ್ತಿರುವ ಗುಣಮಟ್ಟ ಕೊಳ್ಳುವವನಿಗೆ ಗೊತ್ತಿಲ್ಲದಿದ್ದಾಗ ಮಾರುಕಟ್ಟೆಗೆ ಏನಾಗುತ್ತದೆ ಎಂದು ತೋರಿಸಿದರು; 2001ರಲ್ಲಿ ಅವರಿಗೆ ನೊಬೆಲ್ ಸಂದಿತು. ಬಿಡಿಭಾಗಗಳ ಈ ಮಾರುಕಟ್ಟೆ ಅದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಇಲ್ಲಿ ಮಾರುವವನಿಗೂ ಗುಣಮಟ್ಟ ಗೊತ್ತಿಲ್ಲ. ಇಬ್ಬರಿಗೂ ಕೇಳಿಸುವುದು ಸದ್ದು ಮಾತ್ರ, ಆದ್ದರಿಂದ ಸದ್ದೇ ಶಕ್ತಿಯ ಅಳತೆಗೋಲಾಗಿದೆ.

ಈ ಸದ್ದಿಗೆ ಬೆಲೆ ತೆರುವವರು ಬೇರೆಯವರು. ರಾತ್ರಿ ಪಾಳಿ ಮುಗಿಸಿ ಮಲಗಿದ ದಾದಿ, ಪರೀಕ್ಷೆಗೆ ಓದುವ ಹುಡುಗಿ, ತೊಟ್ಟಿಲ ಕೂಸು. 80ರಿಂದ 175 ಸಿ.ಸಿ.ವರೆಗಿನ ಮೋಟಾರ್ ಸೈಕಲ್ಲಿಗೆ ತಯಾರಿಕೆಯ ಹಂತದಲ್ಲಿ ವಿಧಿಸಿರುವ ಶಬ್ದಮಿತಿ 77 ಡೆಸಿಬೆಲ್. ಹತ್ತು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತು ಮಡಿಯಾದಂತೆ. ವಾಹನಗಳಿಗೆ ಕಡ್ಡಾಯವಾದ ಹೊಗೆ ತಪಾಸಣೆಯಲ್ಲಿ ಮಾತ್ರ ಶಬ್ದವನ್ನು ಅಳೆಯುವುದೇ ಇಲ್ಲ.

ವೇಗ ನಿಜವಾಗಿಯೂ ಹೆಚ್ಚಿತೆಂದೇ ಇಟ್ಟುಕೊಂಡರೆ ಆತಂಕ ಇನ್ನೂ ಹೆಚ್ಚು. 90ರಿಂದ 100ಕ್ಕೆ ಏರಿದಾಗ ಬ್ರೇಕು ಅರಗಿಸಿಕೊಳ್ಳಬೇಕಾದ ಚಲನಶಕ್ತಿ ಶೇ 23ರಷ್ಟು ಏರುತ್ತದೆ. ಸೈಲೆನ್ಸರ್ ಕೊಂಡವರಾರೂ ಬ್ರೇಕನ್ನು ಬದಲಿಸಿದ್ದು ನಾನು ಕಂಡಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದ 1.68 ಲಕ್ಷ ಜನರಲ್ಲಿ ಶೇ 44.5 ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. 2018ರ ಕೇಂದ್ರದ ಅಧಿಸೂಚನೆ ಮೋಟಾರ್ ಸೈಕಲ್ಲಿಗೆ ನಿಗದಿಪಡಿಸಿದ ಗರಿಷ್ಠ ಮಿತಿ ಚತುಷ್ಪಥ ಹೆದ್ದಾರಿಯಲ್ಲಿ 80, ನಗರದ ರಸ್ತೆಗಳಲ್ಲಿ 60. ಏನನ್ನೂ ಬದಲಿಸದ ಸ್ಪ್ಲೆಂಡರೇ ಈ ಮಿತಿಯನ್ನು ಮೀರಬಲ್ಲದು.

ಕಾನೂನು ಇಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿಷೇಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರತಿ ಮಾರ್ಪಾಡಿಗೆ 5 ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ವಿಧಿಸಿತು. ಕಿತ್ತ ಸೈಲೆನ್ಸರುಗಳ ರಾಶಿಯ ಮೇಲೆ ಪೊಲೀಸರು ರೋಡ್ ರೋಲರ್ ಹರಿಸುವ ಚಿತ್ರಗಳು ಆಗಾಗ ಪತ್ರಿಕೆಗಳಲ್ಲಿ ಬರುತ್ತವೆ. ನೋಡಲು ಸೊಗಸು. ಆದರೆ ಪುಡಿಯಾಗುವುದು ಕೊಂಡವನ ಸೊತ್ತು. ಅಂಗಡಿ ಮರುದಿನವೂ ತೆರೆದಿರುತ್ತದೆ.

ಜರ್ಮನಿಯಲ್ಲಿ ಇಂಥ ಬಿಡಿಭಾಗಗಳಿಗೆ ಅನುಮೋದನೆ ಬೇಕು. ಬದಲಾವಣೆಯನ್ನು ತಪಾಸಣಾ ಸಂಸ್ಥೆಯಿಂದ ಪರೀಕ್ಷೆ ಮಾಡಿಸಿ ವಾಹನದ ದಾಖಲೆಯಲ್ಲಿ ಬರೆಸುವ ಪದ್ಧತಿಯೂ ಇದೆ. ಅಷ್ಟು ದೂರ ಹೋಗಲಾಗದಿದ್ದರೂ ಪುಣೆಯ ಎಆರ್‌ಎಐ ಸಂಸ್ಥೆಯಲ್ಲಿ ಎಂಜಿನ್ ಶಕ್ತಿಯನ್ನೂ ಶಬ್ದವನ್ನೂ ಅಳೆಯುವ ವ್ಯವಸ್ಥೆ ಇದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ತೂಕ, ಬೆಲೆ ಮುದ್ರಿಸುವುದನ್ನು ಕಡ್ಡಾಯ ಮಾಡಿರುವ ಸರ್ಕಾರ, ಸೈಲೆನ್ಸರಿನ ಪೊಟ್ಟಣದ ಮೇಲೆ ಎರಡು ಸಂಖ್ಯೆಗಳನ್ನು ಮುದ್ರಿಸಲು ಹೇಳಬಹುದು: ಇದನ್ನು ಜೋಡಿಸಿದ ಮೇಲೆ ಇಷ್ಟು ಅಶ್ವಶಕ್ತಿ, ಇಷ್ಟು ಡೆಸಿಬೆಲ್. ಮೊದಲನೆಯ ಸಂಖ್ಯೆಯನ್ನು ನೋಡಿದ ಗಿರಾಕಿಗಳಲ್ಲಿ ಎಷ್ಟು ಮಂದಿ ಅಂಗಡಿಯಿಂದ ಬರಿಗೈಯಲ್ಲಿ ಹೊರಡುತ್ತಾರೆಂದು ನೋಡುವ ಕುತೂಹಲ ನನಗಿದೆ.