ನಿವೃತ್ತ ಯೋಧರ ನಿದ್ದೆಗೆಟ್ಟ ರಾತ್ರಿಗಳು

ಸೇನೆಯಿಂದ ನಿವೃತ್ತರಾಗಿ ಊರಿಗೆ ಬಂದವರು ವೈದ್ಯರ ಮುಂದೆ ಕುಳಿತು 'ನನ್ನ ಮನಸ್ಸು ಸರಿಯಿಲ್ಲ' ಎನ್ನುವುದು ತೀರಾ ಅಪರೂಪ. ಹೊಟ್ಟೆಯಲ್ಲಿ ಗ್ಯಾಸ್, ತಲೆನೋವು, ಎದೆ ಡವಡವ, ಮಾತ್ರೆ ನುಂಗಿದರೂ ಇಳಿಯದ ಬಿ.ಪಿ. ಇವೇ ಅವರ ದೂರುಗಳು. ಜೊತೆಗೆ ಬಂದ ಪತ್ನಿಯನ್ನು ವಿಚಾರಿಸಿದಾಗ ಉಳಿದ ಸಂಗತಿ ಹೊರಬೀಳುತ್ತದೆ. ನಡುರಾತ್ರಿ ಕೂಗಿಕೊಂಡು ಏಳುತ್ತಾರೆ, ಬಾಗಿಲ ಚಿಲಕವನ್ನು ಮೂರು ಮೂರು ಸಲ ನೋಡಿ ಬರುತ್ತಾರೆ, ಮಗು ತಟ್ಟೆ ಬೀಳಿಸಿದರೂ ಸಿಡಿಯುತ್ತಾರೆ, ಮದುವೆ ಮುಂಜಿಗೆ ಕರೆದರೆ ಬರುವುದಿಲ್ಲ, ಸಂಜೆಯಾದರೆ ಬಾಟಲಿ ಬೇಕು. 'ಮಿಲಿಟರಿಯವರಲ್ಲವೇ, ಸ್ವಲ್ಪ ಕೋಪ ಜಾಸ್ತಿ' ಎಂದು ನೆಂಟರು ತಳ್ಳಿಹಾಕುತ್ತಾರೆ. ಗುಣವಾಗಬಲ್ಲ ಕಾಯಿಲೆಯೊಂದು ಹೀಗೆ ಹತ್ತಾರು ವರ್ಷ ಮನೆಯೊಳಗೇ ಉಳಿದುಬಿಡುತ್ತದೆ.

ಮೊದಲ ಮಹಾಯುದ್ಧದ ಕಾಲದಲ್ಲಿ ಇದನ್ನು 'ಶೆಲ್ ಶಾಕ್' ಎನ್ನುತ್ತಿದ್ದರು. ಅದಕ್ಕೆ ತುತ್ತಾದ ಎಷ್ಟೋ ಸೈನಿಕರು ಹೇಡಿಗಳೆನಿಸಿಕೊಂಡರು. ವಿಯೆಟ್ನಾಂನಿಂದ ಮರಳಿದ ಅಮೆರಿಕದ ಸೈನಿಕರನ್ನು ಕಂಡ ನಂತರ, 1980ರಲ್ಲಿ ಅಲ್ಲಿನ ಮನೋವೈದ್ಯರ ಸಂಘ ಇದಕ್ಕೆ ಪಿ.ಟಿ.ಎಸ್.ಡಿ. ಎಂಬ ಹೆಸರು ಕೊಟ್ಟಿತು. ಕನ್ನಡದಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ ಎನ್ನಬಹುದು. ಭೂಕಂಪ, ಬಸ್ ಅಪಘಾತಗಳಲ್ಲಿ ಬದುಕುಳಿದವರಿಗೂ ಇದು ಬರುತ್ತದೆ.

ಸಾಮಾನ್ಯ ನೆನಪು ದಿನ ಕಳೆದಂತೆ ಮಸುಕಾಗುತ್ತದೆ. ಪ್ರಾಣಭಯದ ಕ್ಷಣದಲ್ಲಿ ಅಚ್ಚೊತ್ತಿದ ನೆನಪು ಹಾಗಲ್ಲ. ವಾಸನೆ, ಸದ್ದು, ಬೆಳಕು ಯಾವುದಾದರೂ ಅದನ್ನು ಕೆಣಕಿದರೆ ಸಾಕು, ಅಪಾಯ ಈಗಲೇ ಎದುರಿಗಿದೆ ಎಂದು ಮಿದುಳು ತಪ್ಪು ತಿಳಿಯುತ್ತದೆ. ಎದೆ ಬಡಿತ ಏರುತ್ತದೆ, ಮೈ ಬೆವರುತ್ತದೆ. ದೀಪಾವಳಿಯ ಪಟಾಕಿ ಇವರಿಗೆ ಹಬ್ಬವಲ್ಲ. ಮನೆಮನೆಗೂ ಒಬ್ಬ ಸೈನಿಕನಿರುವ ಕೊಡಗಿನಲ್ಲಿ ಸಾವಿನ ಸುದ್ದಿ ತಿಳಿಸಲು ಗುಂಡು ಹಾರಿಸುವ ಪದ್ಧತಿಯಿದೆ; ಆ ಸದ್ದಿಗೆ ಬೆಚ್ಚಿಬೀಳುವ ಹಿರಿಯರನ್ನು ಕಂಡು ನಗಬೇಡಿ.

ಯುದ್ಧ ಕಂಡವರಿಗೆಲ್ಲ ಈ ಕಾಯಿಲೆ ಬರುವುದಿಲ್ಲ, ಬಹುಪಾಲು ಮಂದಿ ಚೇತರಿಸಿಕೊಳ್ಳುತ್ತಾರೆ. 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿದ್ದವರಿಗೋ, 1999ರಲ್ಲಿ ಕಾರ್ಗಿಲ್‌ನಲ್ಲಿ ಕಾದಾಡಿದವರಿಗೋ ಈಗೇಕೆ ತೊಂದರೆ ಎಂದು ನೀವು ಕೇಳಬಹುದು. ಸೇವೆಯಲ್ಲಿರುವಾಗ ಬೆಳಗಿನ ಪಿ.ಟಿ.ಯಿಂದ ರಾತ್ರಿಯ ಹಾಜರಿಯವರೆಗೆ ದಿನಕ್ಕೊಂದು ಕಟ್ಟಿರುತ್ತದೆ, ಹೇಳದೆಯೇ ಅರ್ಥಮಾಡಿಕೊಳ್ಳುವ ಜೊತೆಗಾರರಿರುತ್ತಾರೆ. ಜವಾನರು ಸಾಮಾನ್ಯವಾಗಿ ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗುತ್ತಾರೆ. ಕಟ್ಟು ಸಡಿಲವಾದಾಗ ಒಳಗಿದ್ದದ್ದು ಮೇಲೆ ಬರುತ್ತದೆ. 'ಅವನು ಹೋದ, ನಾನೇಕೆ ಉಳಿದೆ' ಎಂಬ ಕೊರಗು ಅವುಗಳಲ್ಲಿ ಎಲ್ಲಕ್ಕಿಂತ ಭಾರವಾದದ್ದು.

ಮೊದಲು ಥೈರಾಯ್ಡ್, ಸಕ್ಕರೆ, ಕಿವಿ ಪರೀಕ್ಷೆ ಆಗಲಿ. ತಲೆಗೆ ಪೆಟ್ಟಾಗಿತ್ತೇ, ಹತ್ತಿರದಲ್ಲಿ ಸ್ಫೋಟವಾಗಿತ್ತೇ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಮುಖ್ಯ ಚಿಕಿತ್ಸೆ ಮಾತಿನದು. ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ವಾರಕ್ಕೊಮ್ಮೆಯಂತೆ ಸುಮಾರು ಹತ್ತು ಹನ್ನೆರಡು ಬಾರಿ ಕೂರಿಸಿಕೊಂಡು, ದೂರ ತಳ್ಳಿದ ಆ ನೆನಪನ್ನು ಸುರಕ್ಷಿತ ವಾತಾವರಣದಲ್ಲಿ ಸ್ವಲ್ಪಸ್ವಲ್ಪವೇ ಎದುರಿಸಲು ಕಲಿಸುತ್ತಾರೆ. ನೆನಪು ಅಳಿಯುವುದಿಲ್ಲ, ಅದರ ಮೊನೆ ಮೊಂಡಾಗುತ್ತದೆ. ಸರ್ಟ್ರಲೀನ್‌ನಂಥ ಮಾತ್ರೆಗಳೂ ನೆರವಾಗುತ್ತವೆ. ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು, ಇವು ಚಟ ಹತ್ತಿಸುವುದಿಲ್ಲ. ಅಂಗಡಿಯಿಂದ ನೀವೇ ತರುವ ಆಲ್ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆ ಚಟ ಹತ್ತಿಸುತ್ತದೆ. ಮದ್ಯದೊಂದಿಗೆ ಸೇರಿದರೆ ಉಸಿರಿಗೇ ಅಪಾಯ.

ಮದ್ಯದ ವಿಚಾರ. ಕ್ಯಾಂಟೀನಿನ ರಮ್ ನಿದ್ದೆ ಬರಿಸುತ್ತದೆ ನಿಜ, ಆದರೆ ರಾತ್ರಿಯ ಉತ್ತರಾರ್ಧದ ನಿದ್ದೆಯನ್ನು ಕೆಡಿಸಿ ದುಃಸ್ವಪ್ನಕ್ಕೆ ದಾರಿ ಮಾಡುತ್ತದೆ. ದಿನವೂ ಹೆಚ್ಚು ಕುಡಿಯುವವರು ಹರಕೆ ಹೊತ್ತು ಒಂದೇ ದಿನ ಬಿಟ್ಟರೆ ಫಿಟ್ಸ್, ಭ್ರಮೆ ಬರಬಹುದು. ವೈದ್ಯರ ಉಸ್ತುವಾರಿಯಲ್ಲೇ ಬಿಡಿಸಬೇಕು.

ಮನೆಯವರು ಮೈ ಮುಟ್ಟಿ ಅಲುಗಾಡಿಸಿ ಎಬ್ಬಿಸಬಾರದು. ದೀಪ ಹಾಕಿ, ದೂರದಿಂದ ಹೆಸರು ಹಿಡಿದು ಕರೆಯಿರಿ. 'ಎಷ್ಟು ಜನರನ್ನು ಕೊಂದಿರಿ' ಎಂದು ಕೇಳುವ ಅತಿಥಿಗಳ ಬಾಯಿ ಮುಚ್ಚಿಸಿ. ಇನ್ನೊಂದು ಮಾತು ಖಂಡಿತವಾಗಿ ಹೇಳಬೇಕು: ಖಿನ್ನತೆಯಲ್ಲಿರುವವರ ಮನೆಯಲ್ಲಿ ಕೋವಿ ಇರಬಾರದು. ಮಾಜಿ ಸೈನಿಕರಲ್ಲಿ ಹಲವರ ಬಳಿ ಬಂದೂಕಿನ ಲೈಸೆನ್ಸ್ ಇದೆ. ಕೊಡಗಿನಲ್ಲಂತೂ ಕೊಡವರಿಗೆ ಲೈಸೆನ್ಸೇ ಬೇಡ. 'ನಾನಿಲ್ಲದಿದ್ದರೆ ನಿಮಗೆ ನೆಮ್ಮದಿ' ಎಂಬ ಮಾತು ಬಂದರೆ ಅದನ್ನು ಬೆದರಿಕೆ ಎಂದು ಕಡೆಗಣಿಸದೆ, ಅಂದೇ ಕೋವಿ ಮತ್ತು ತೋಟೆಗಳನ್ನು ಬೇರೆಡೆ ಭದ್ರವಾಗಿಡುವ ವ್ಯವಸ್ಥೆ ಮಾಡಿ, ಅಂದೇ ವೈದ್ಯರನ್ನು ಕಾಣಿ.

ಎಲ್ಲಿಗೆ ಹೋಗಬೇಕು? 2003ರಲ್ಲಿ ಆರಂಭವಾದ ಇ.ಸಿ.ಎಚ್.ಎಸ್. ಯೋಜನೆಯ ಕಾರ್ಡಿದ್ದರೆ ಮಡಿಕೇರಿ, ಮೈಸೂರು, ಬೆಳಗಾವಿ ಮೊದಲಾದೆಡೆಯ ಪಾಲಿಕ್ಲಿನಿಕ್‌ಗಳಿಂದ ಮನೋವೈದ್ಯರಿಗೆ ಚೀಟಿ ಪಡೆಯಬಹುದು. ಪತ್ನಿಗೂ ಅದೇ ಸೌಲಭ್ಯವಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ನಿವೃತ್ತಿ ವೇತನಕ್ಕೆ ಕುತ್ತು ಬರುತ್ತದೆಂಬ ಭಯ ಬೇಡ. ಚಿಕಿತ್ಸೆ ಪಡೆದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಆಸ್ಪತ್ರೆಯ ಮೆಟ್ಟಿಲು ಹತ್ತಲು ಒಪ್ಪದವರಿಗಾಗಿ ಟೆಲಿ-ಮಾನಸ್ ದೂರವಾಣಿಯಿದೆ: 14416. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆ ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು. ಅವರು ಮಾಡದಿದ್ದರೆ ಮನೆಯವರೇ ಕರೆ ಮಾಡಿ ಸಲಹೆ ಕೇಳಬಹುದು.